ಪುಸ್ತಕದ ಬೆನ್ನಿನ ಮೇಲಿನ ಅಂಕಿ

ಪದವಿ ಮುಗಿದ ಮೇಲೆ ಗ್ರಂಥಾಲಯ ವಿಜ್ಞಾನವನ್ನು ಓದಬೇಕೆಂದಿದ್ದೇನೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ನಮ್ಮಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕ ಕಾಯಕ್ಕೂ ಪರೀಕ್ಷೆ ಪಾಸು ಮಾಡ್ಬೇಕನೇ?" ಎಂದು ಕೇಳಿದರು. ಅವರು ಹಾಸ್ಯಕ್ಕಾಗಿ ಕೇಳಿದ್ದಲ್ಲ. ಓದದ ಮಕ್ಕಳಿಗೆ "ದನ ಕಾಯಲು ಹೋಗು" ಎಂದು ಬೈಯುವುದು ನಮ್ಮ ಕಡೆಯ ವಾಡಿಕೆ. ಹದಿನೈದು ವರ್ಷ ಓದಿದ ಮಗಳು ಕಡೆಗೂ ಏನನ್ನೋ ಕಾಯುವ ಕೆಲಸಕ್ಕೇ ಹೊರಟಳಲ್ಲಾ ಎಂಬ ಚಿಂತೆ ಅವರಿಗೆ. ನಮ್ಮಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನವರೆಗೆ ಬಂದವಳು ನಾನೇ ಮೊದಲು. ಆ ದಿನ ಅವರಿಗೆ ಅರ್ಧಂಬರ್ಧ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹಾಲ್ ಟಿಕೆಟಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಜಾಗವೆಂದು ಮಾತ್ರ ಗ್ರಂಥಾಲಯವನ್ನು ಬಲ್ಲ ನನ್ನ ಸಹಪಾಠಿಗಳಿಗೂ ಇದರಿಂದ ಕಿಂಚಿತ್ ಪ್ರಯೋಜನವಾದೀತು.

ನಾನು ಗ್ರಂಥಾಲಯಕ್ಕೆ ಹೋದದ್ದು ಜ್ಞಾನದಾಹದಿಂದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ತರಗತಿಗಳು ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ನಮ್ಮೂರ ಬಸ್ಸು ಹೊರಡುವುದು ನಾಲ್ಕೂಕಾಲಕ್ಕೆ. ನಡುವಿನ ಹೊತ್ತಿನಲ್ಲಿ ಹೆಣ್ಣುಮಕ್ಕಳು ಯಾರ ಪ್ರಶ್ನೆಗೂ ಒಳಗಾಗದೆ ಕುಳಿತುಕೊಳ್ಳಬಹುದಾದ ಸ್ಥಳ ಈ ಪೇಟೆಯಲ್ಲಿ ಅದೊಂದೇ. ಮೊದಲ ಎರಡು ತಿಂಗಳು ನಾನು ದಿನಪತ್ರಿಕೆಯನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಪತ್ರಿಕೆಯನ್ನು ಯಾರನ್ನೂ ಕೇಳಬೇಕಾಗಿಲ್ಲ, ಮೇಜಿನ ಮೇಲೆಯೇ ಇರುತ್ತದೆ. ಪುಸ್ತಕ ಬೇಕೆಂದರೆ ಅದರ ಹೆಸರು ಗೊತ್ತಿರಬೇಕು. ನನಗೋ ಪಠ್ಯಪುಸ್ತಕಗಳ ಹೊರತು ಬೇರೊಂದರ ಹೆಸರು ತಿಳಿಯದು. ನಮ್ಮ ಮನೆಯಲ್ಲಿದ್ದ ಅಚ್ಚಿನ ಅಕ್ಷರಗಳೆಂದರೆ ಪಂಚಾಂಗದವು, ರೇಷನ್ ಕಾರ್ಡಿನವು, ಗೊಬ್ಬರದ ಚೀಲದ ಮೇಲಿನವು. ಮನೆಯಲ್ಲಿ ಪುಸ್ತಕದ ಕಪಾಟಿದ್ದವರಿಗೆ ಈ ಅಂಜಿಕೆ ಅರ್ಥವಾಗಲಾರದು. ಒಂದು ದಿನ ನಮ್ಮ ಗ್ರಂಥಪಾಲಕರು ತಾವೇ ಕರೆದು, "ಏನಮ್ಮಾ, ಅದೇ ಪೇಪರನ್ನ ಎಷ್ಟು ಸಲ ಓದ್ತೀಯ? ಬಾ, ಈ ಪುಸ್ತಕಗಳನ್ನ ಕಪಾಟಿಗೆ ಜೋಡಿಸು" ಎಂದರು. ಅಂದು ಆರಂಭವಾದ ಕೆಲಸ ಇಂದಿಗೂ ನಡೆದಿದೆ.

ಜೋಡಿಸುವುದೆಂದರೆ ಸಾಲಾಗಿ ನಿಲ್ಲಿಸುವುದು ಎಂದುಕೊಂಡಿದ್ದೆ. ಗಾತ್ರಕ್ಕೆ ತಕ್ಕಂತೆ ಎತ್ತರದವನ್ನು ಒಂದು ಕಡೆ, ಗಿಡ್ಡವನ್ನು ಒಂದು ಕಡೆ ಬಹಳ ಅಂದವಾಗಿ ನಿಲ್ಲಿಸಿದೆ. ಅವರು ನೋಡಿ ನಕ್ಕು, ಎಲ್ಲವನ್ನೂ ತೆಗೆಸಿ, ಪ್ರತಿಯೊಂದರ ಬೆನ್ನಿನ ಬುಡದಲ್ಲಿ ಅಂಟಿಸಿದ್ದ ಬಿಳಿಯ ಚೀಟಿಯನ್ನು ತೋರಿಸಿದರು. ಅದರ ಮೇಲೆ ಒಂದು ಸಂಖ್ಯೆ, ಸಂಖ್ಯೆಯ ಕೆಳಗೆ ಗ್ರಂಥಕರ್ತರ ಹೆಸರಿನ ಮೊದಲ ಮೂರು ಅಕ್ಷರ.

ಈ ಸಂಖ್ಯೆಯ ಕರ್ತೃ ಅಮೆರಿಕದ ಮೆಲ್ವಿಲ್ ಡ್ಯೂಯಿ. ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದ ಆತ ೧೮೭೬ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ೪೪ ಪುಟಗಳ ಒಂದು ಕಿರುಹೊತ್ತಗೆಯಾಗಿ ಇದನ್ನು ಪ್ರಕಟಿಸಿದ. ಆತನಿಗೆ ಮುಂಚೆ ಅನೇಕ ಗ್ರಂಥಾಲಯಗಳಲ್ಲಿ ಅಂಕಿ ಇರುತ್ತಿದ್ದದ್ದು ಕಪಾಟಿಗೆ: ಇಂಥ ಕಪಾಟಿನ ಇಂಥ ಹಲಗೆಯ ಇಷ್ಟನೆಯ ಪುಸ್ತಕ ಎಂದು. ಹೊಸ ಪುಸ್ತಕಗಳು ಬಂದು ಹಲಗೆ ತುಂಬಿದರೆ ಎಲ್ಲವನ್ನೂ ಮತ್ತೆ ಎಣಿಸಿ ಬರೆಯಬೇಕು. ಅಪ್ಪನಿಗೆ ನಾನಿದನ್ನು ಕೊಟ್ಟಿಗೆಯ ಮಾತಿನಲ್ಲಿಯೇ ಹೇಳಿದೆ. ನಮ್ಮ ಕೊಟ್ಟಿಗೆಯಲ್ಲಿ ಪ್ರತಿ ದನಕ್ಕೂ ಅದರದೇ ಗೂಟವಿದೆ. ಹೊಸ ಹಸು ಬಂದರೆ ತೊಂದರೆ. ಡ್ಯೂಯಿ ಗೂಟಕ್ಕೆ ಅಂಕಿ ಹಾಕುವುದನ್ನು ಬಿಟ್ಟು ದನಕ್ಕೇ ಹಾಕಿದ, ಅದೂ ಅದರ ನಂಟಸ್ತಿಕೆಗೆ ತಕ್ಕಂತೆ. ತಾಯಿಯ ಪಕ್ಕ ಕರು, ಕರುವಿನ ಪಕ್ಕ ಅದರ ಒಡಹುಟ್ಟು. ಇನ್ನು ಕೊಟ್ಟಿಗೆಯನ್ನೇ ಬದಲಿಸಿದರೂ ಸಾಲು ಕೆಡುವುದಿಲ್ಲ. "ಆಮೇಲೆ?" ಎಂದರು ಅಪ್ಪ. ಆ "ಆಮೇಲೆ"ಯಿಂದ ನನಗೆ ಧೈರ್ಯ ಬಂದಿತು.

ಜ್ಞಾನವನ್ನೆಲ್ಲ ಆತ ಹತ್ತು ಭಾಗ ಮಾಡಿದ. ಸೊನ್ನೆಯಿಂದ ಆರಂಭವಾಗುವವು ವಿಶ್ವಕೋಶದಂಥ ಸಾಮಾನ್ಯ ಗ್ರಂಥಗಳು. ೧೦೦ ತತ್ವಶಾಸ್ತ್ರ, ೨೦೦ ಧರ್ಮ, ೩೦೦ ಸಮಾಜಶಾಸ್ತ್ರಗಳು, ೪೦೦ ಭಾಷೆ, ೫೦೦ ವಿಜ್ಞಾನ, ೬೦೦ ಅದರ ಪ್ರಯೋಗ, ೭೦೦ ಕಲೆ, ೮೦೦ ಸಾಹಿತ್ಯ, ೯೦೦ ಇತಿಹಾಸ ಮತ್ತು ಭೂವರ್ಣನೆ. ಒಂದೊಂದು ಭಾಗವೂ ಮತ್ತೆ ಹತ್ತು, ಅದು ಮತ್ತೆ ಹತ್ತು. ೯೫೦ ಏಷ್ಯಾ, ೯೫೪ ಭಾರತ. ಅಲ್ಲಿಂದ ಮುಂದೆ ಒಂದು ಚುಕ್ಕಿ ಇಟ್ಟು ಬೇಕಾದಷ್ಟು ದೂರ ಹೋಗಬಹುದು. ಬ್ರಿಟಿಷರ ಕಾಲದ ಭಾರತ ೯೫೪.೦೩, ೧೮೫೮ರಿಂದ ೧೯೪೭ರವರೆಗಿನ ನೇರ ಆಳ್ವಿಕೆಯ ಅವಧಿ, ಅಂದರೆ ನಮ್ಮ ಸ್ವಾತಂತ್ರ್ಯ ಹೋರಾಟದ ಬಹುಪಾಲು ಪುಸ್ತಕಗಳು ೯೫೪.೦೩೫, ಕರ್ನಾಟಕ ೯೫೪.೮೭.

ಈ ಚುಕ್ಕಿಯ ವಿಷಯದಲ್ಲಿಯೇ ನನ್ನ ಕೈಯಿಂದ ಒಂದು ಅಪರಾಧ ನಡೆಯಿತು. ಎರಡನೆಯ ವರ್ಷದಲ್ಲಿದ್ದಾಗ ನಮಗಿಂತ ಹಿರಿಯ ತರಗತಿಯ ಒಬ್ಬ ವಿದ್ಯಾರ್ಥಿ ಸ್ವಾತಂತ್ರ್ಯ ಸಂಗ್ರಾಮದ ಒಂದು ದಪ್ಪ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು ಹೋದರು. ಅದು ಪರೀಕ್ಷೆಯ ಕಾಲ. ಗದ್ದಲದಲ್ಲಿ ಅದರ ವಾಪಸಾತಿಯನ್ನು ಯಾರೂ ಬರೆದುಕೊಂಡಿರಲಿಲ್ಲ. ಬರೆದಾಗಿದೆ ಎಂದುಕೊಂಡು ನಾನು ಅದನ್ನು ಎತ್ತಿ ಕಪಾಟಿನಲ್ಲಿಟ್ಟೆ. ಹತ್ತು ದಿನದ ಮೇಲೆ ಅವರು "ಬಾಕಿ ಇಲ್ಲ" ಎಂಬ ಚೀಟಿಗೆ ಸಹಿ ಕೇಳಲು ಬಂದರು. ಲೆಕ್ಕದಲ್ಲಿ ಪುಸ್ತಕ ಅವರ ಹೆಸರಿನಲ್ಲಿಯೇ ಇತ್ತು. ಕಪಾಟಿನಲ್ಲಿ ಅದರ ಸ್ಥಳದಲ್ಲಿ ನೋಡಿದರೆ ಇಲ್ಲ. ಪುಸ್ತಕ ತರಬೇಕು, ಇಲ್ಲವೇ ಬೆಲೆ ಕಟ್ಟಬೇಕು. ಅಲ್ಲಿಯವರೆಗೆ ಸಹಿ ಇಲ್ಲ, ಸಹಿ ಇಲ್ಲದೆ ಹಾಲ್ ಟಿಕೆಟಿಲ್ಲ. ಅವರು ಕೂಲಿ ಮಾಡುವವರ ಮಗ. "ನಾನು ತಂದಿಟ್ಟಿದ್ದೀನಿ ಸಾರ್" ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಹೇಳದೆ ಹೊರಟುಹೋದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನೂ ನಂಬಿದ್ದೆ. ನಾನು ಎತ್ತಿಟ್ಟ ಹತ್ತಾರು ಪುಸ್ತಕಗಳಲ್ಲಿ ಅದೂ ಒಂದೆಂಬುದು ನನಗೆ ನೆನಪಿರಲಿಲ್ಲ.

ಗ್ರಂಥಪಾಲಕರು ಮಾತ್ರ ರಾತ್ರಿಯೆಲ್ಲ ಅದನ್ನೇ ಯೋಚಿಸಿದರೆಂದು ತೋರುತ್ತದೆ. ಮರುದಿನ ನನ್ನನ್ನು ಕರೆದು, "೯೫೪.೦೩೫ ದೊಡ್ಡದೋ, ೯೫೪.೪ ದೊಡ್ಡದೋ?" ಎಂದರು. ಮೂವತ್ತೈದು ದೊಡ್ಡದು ಎಂದೆ. ಅವರು ಹಣೆ ಮುಟ್ಟಿಕೊಂಡು, "ಹೋಗು, ೯೫೪.೮೭ರ ಆಸುಪಾಸು ಹುಡುಕು" ಎಂದರು. ಚುಕ್ಕಿಯ ಮುಂದಿನದು ದಶಾಂಶ, ಅಲ್ಲಿ ಸೊನ್ನೆಗೆ ಬೆಲೆಯುಂಟು, ಒಂದೊಂದು ಅಂಕಿಯನ್ನೂ ಬಿಡಿಯಾಗಿ ಓದಬೇಕು. ಹೈಸ್ಕೂಲಿನಲ್ಲಿ ನೂರಕ್ಕೆ ಎಂಬತ್ತು ಅಂಕ ಪಡೆದ ಲೆಕ್ಕ ಇಲ್ಲಿ ನನ್ನ ಕೈಕೊಟ್ಟಿತ್ತು. ನಾನು ಮೂವತ್ತೈದೆಂದೇ ಓದಿ, ಎಂಬತ್ತೇಳಕ್ಕಿಂತ ಮುಂಚೆ ಬರಬೇಕೆಂದು ಆ ಪುಸ್ತಕವನ್ನು ಕರ್ನಾಟಕದ ಪುಸ್ತಕಗಳ ನಡುವೆ ಸಿಕ್ಕಿಸಿದ್ದೆ. ತಪ್ಪಾದ ಸ್ಥಳದಲ್ಲಿರುವ ಪುಸ್ತಕ ಕಳೆದುಹೋದ ಪುಸ್ತಕವೇ ಸರಿ. ಕಳ್ಳ ಒಯ್ದದ್ದಾದರೆ ಹೋಯಿತೆಂದಾದರೂ ಗೊತ್ತಾಗುತ್ತದೆ. ಆ ವಿದ್ಯಾರ್ಥಿಗೆ ಸಹಿ ದೊರೆಯಿತು, ಪರೀಕ್ಷೆಗೂ ಕುಳಿತರು. ನಾನು ಕ್ಷಮೆ ಕೇಳಿದಾಗ, "ಇರಲಿ ಬಿಡಿ" ಎಂದರು. ಅದಾದ ಮೇಲೆ ಅವರು ಗ್ರಂಥಾಲಯಕ್ಕೆ ಬಂದದ್ದನ್ನು ನಾನು ಕಾಣಲಿಲ್ಲ.

ಅಂದಿನಿಂದ ಅಂಕಿಗಳನ್ನು ಹಗುರವಾಗಿ ನೋಡುವುದನ್ನು ಬಿಟ್ಟೆ. ಬಿಟ್ಟ ಮೇಲೆ ಅವುಗಳೊಳಗಿನ ಪಕ್ಷಪಾತವೂ ಕಾಣತೊಡಗಿತು. ೨೦೦ ಧರ್ಮವೆಂದೆನಲ್ಲವೆ? ಅದರಲ್ಲಿ ೨೨೦ರಿಂದ ೨೮೦ರವರೆಗಿನ ಏಳು ಮನೆಗಳೂ ಬೈಬಲ್ ಮತ್ತು ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದ ಧರ್ಮಗಳೆಲ್ಲ ೨೯೦ ಎಂಬ ಒಂದೇ ಛತ್ರದಲ್ಲಿ ಇಳಿದುಕೊಳ್ಳಬೇಕು: ಬೌದ್ಧ ೨೯೪.೩, ಜೈನ ೨೯೪.೪, ಹಿಂದೂ ೨೯೪.೫, ಇಸ್ಲಾಂ ೨೯೭. ಸಾಹಿತ್ಯದಲ್ಲಿಯೂ ಹಾಗೆಯೇ. ಅಮೆರಿಕದ್ದಕ್ಕೆ ೮೧೦, ಇಂಗ್ಲಿಷಿಗೆ ೮೨೦, ಜರ್ಮನಿಗೆ ೮೩೦. ಕನ್ನಡಕ್ಕೋ ೮೯೪.೮೧೪! ಅದರ ಮೇಲೆ ಕಾದಂಬರಿಯಾದರೆ ಕಡೆಗೊಂದು ೩, ಕವಿತೆಯಾದರೆ ಕಡೆಗೊಂದು ೧. ಸಾವಿರ ವರ್ಷಗಳಿಗೂ ಮಿಗಿಲಾದ ಸಾಹಿತ್ಯ "ಇತರೆ"ಯ ಮೂಲೆಯಲ್ಲಿ ನಿಂತಿದೆ. ತೆಳುವಾದ ಕವನಸಂಕಲನದ ಬೆನ್ನಿನ ಮೇಲೆ ಅಷ್ಟುದ್ದದ ಸಂಖ್ಯೆ ಹಿಡಿಸುವುದೇ ಇಲ್ಲ. ನಾವು ಮಡಿಸಿ ಮುಂದಿನ ರಟ್ಟಿನ ಮೇಲೆ ಅಂಟಿಸುತ್ತೇವೆ. ಡ್ಯೂಯಿ ತನ್ನ ಕಾಲೇಜಿನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ನೋಡಿ ಲೋಕವನ್ನು ಭಾಗ ಮಾಡಿದ, ಅಲ್ಲಿ ನಾವಿರಲಿಲ್ಲ.

ಈ ಕೊರತೆಯನ್ನು ಕಂಡು ಬೇರೆ ದಾರಿ ಹುಡುಕಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಅವರು ಹುಟ್ಟಿದ್ದು ೧೮೯೨ರಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ; ಓದಿ ಕಲಿಸಿದ್ದು ಗಣಿತ. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಎಷ್ಟು ಬೇಸರ ತಂದಿತೆಂದರೆ, ತಮ್ಮನ್ನು ಮರಳಿ ಪಾಠಕ್ಕೇ ಕಳುಹಿಸಿರೆಂದು ಕೇಳಿಕೊಂಡರು. ಒಮ್ಮೆ ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಅನಂತರವೂ ಬೇಡವೆನಿಸಿದರೆ ಗಣಿತದ ಹುದ್ದೆ ನಿಮಗಿದ್ದೇ ಇದೆ ಎಂದು ಒಪ್ಪಂದವಾಯಿತು. ಹೋದವರು ಗ್ರಂಥಪಾಲಕರಾಗಿಯೇ ಹಿಂದಿರುಗಿದರು. ಅಲ್ಲಿನ ಒಂದು ಅಂಗಡಿಯಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆಯನ್ನು ಕಂಡರಂತೆ: ಅವೇ ಕೆಲವು ಪಟ್ಟಿ, ಮೊಳೆ, ಗಾಲಿಗಳಿಂದ ಬೇಕಾದ ಯಂತ್ರವನ್ನು ಜೋಡಿಸಬಹುದು. ವಿಷಯಗಳನ್ನೂ ಹೀಗೇಕೆ ಜೋಡಿಸಬಾರದು? ಸೊರಬದ ಭತ್ತದ ಎಲೆರೋಗಕ್ಕೆ ಮದ್ದು ಎಂಬ ಪುಸ್ತಕವಿದೆಯೆನ್ನಿ. ಭತ್ತ, ಎಲೆ, ರೋಗ, ಮದ್ದು, ಸ್ಥಳ, ಕಾಲ ಎಂದು ಬಿಡಿಸಿ, ಒಂದೊಂದಕ್ಕೂ ಒಂದು ಗುರುತು ಕೊಟ್ಟು, ನಡುವೆ ಚಿಹ್ನೆಯಿಟ್ಟು ಕೂಡಿಸುವುದು. ಮುಂದೆ ಹುಟ್ಟಲಿರುವ ವಿಷಯಕ್ಕೂ ಇದರಲ್ಲಿ ಎಡೆಯಿದೆ. ೧೯೩೩ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ಆ ಚಿಹ್ನೆಯಿಂದಲೇ ಕೋಲನ್ ವರ್ಗೀಕರಣವೆಂದು ಹೆಸರು. ಅದಕ್ಕೆ ಎರಡು ವರ್ಷ ಮೊದಲೇ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಅವರು ಹೊರತಂದಿದ್ದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಗ್ರಂಥಪಾಲಕರ ಉನ್ನತ ಶಿಕ್ಷಣಕ್ಕಾಗಿ ಒಂದು ಕೇಂದ್ರವನ್ನು ಕಟ್ಟಿ, ಅದೇ ಊರಿನಲ್ಲಿ ೧೯೭೨ರಲ್ಲಿ ತೀರಿಕೊಂಡರು. ಅವರ ಕ್ರಮ ಸೂಕ್ಷ್ಮವಾದದ್ದು, ಆದರೆ ಕಲಿಯುವುದು ಕಷ್ಟ. ನಮ್ಮ ಕಾಲೇಜಿನಲ್ಲಿ ಇರುವುದು ಡ್ಯೂಯಿಯದೇ. ಬೈಯುತ್ತಲೇ ಬಳಸುತ್ತಿದ್ದೇವೆ.

ಕಪಾಟಿನ ಒಂದು ಕಷ್ಟಕ್ಕೆ ಯಾವ ಅಂಕಿಯಲ್ಲಿಯೂ ಪರಿಹಾರವಿಲ್ಲ. ಒಂದು ಪುಸ್ತಕ ಒಂದೇ ಕಡೆ ನಿಲ್ಲಬಲ್ಲುದು. ಆದರೆ ಓದುಗರು ಹಲವು ಕಡೆಯಿಂದ ಬರುತ್ತಾರೆ. ಅದಕ್ಕಾಗಿಯೇ ಸೂಚಿ. ಈಗ ಅದು ಗಣಕಯಂತ್ರದಲ್ಲಿದೆಯಾದರೂ ನಮ್ಮಲ್ಲಿ ಹಳೆಯ ಮರದ ಖಾನೆಗಳೂ ಉಳಿದಿವೆ. ಒಂದೇ ಪುಸ್ತಕಕ್ಕೆ ಕರ್ತೃವಿನ ಹೆಸರಿನಲ್ಲಿ ಒಂದು ಕಾರ್ಡು, ಗ್ರಂಥದ ಹೆಸರಿನಲ್ಲಿ ಒಂದು, ವಿಷಯದಲ್ಲಿ ಒಂದು. ಇಂಗ್ಲಿಷಿನವರಿಗೆ ಕರ್ತೃವಿನ ಹೆಸರು ಸುಲಭ, ಮನೆತನದ ಹೆಸರನ್ನು ಮುಂದಿಟ್ಟರಾಯಿತು. ನಮ್ಮಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ಎಲ್ಲಿಡೋಣ? ಮಾಸ್ತಿ ಊರಿನ ಹೆಸರು, ವೆಂಕಟೇಶ ಸ್ವಂತ ಹೆಸರು, ಕಾವ್ಯನಾಮ ಶ್ರೀನಿವಾಸ. ಮ, ವ, ಶ ಮೂರು ಖಾನೆಗಳಿಗೂ ಹಕ್ಕುಂಟು. ಬೇಂದ್ರೆಯವರನ್ನು ಅಂಬಿಕಾತನಯದತ್ತರೆಂದು ಕೇಳುವವರೂ, ಪುಟ್ಟಪ್ಪನವರೆಂದರೆ ತಿಳಿಯದೆ ಕುವೆಂಪು ಎಂದರೆ ಮಾತ್ರ ತಿಳಿಯುವವರೂ ಉಂಟು. ಆಗ "ಇದನ್ನು ನೋಡಿ" ಎಂದು ಬೆರಳು ತೋರಿಸುವ ಒಂದು ಕಾರ್ಡನ್ನು ಬರೆದಿಡಬೇಕು. ಇಂಥ ಕಾರ್ಡುಗಳನ್ನು ಬರೆಯುವುದು ನನಗೆ ಬಹಳ ಇಷ್ಟ. ಯಾರೋ ತಪ್ಪು ಬಾಗಿಲಿಗೆ ಬಂದು ನಿಂತಾಗ ಸರಿಯಾದ ಬಾಗಿಲನ್ನು ತೋರಿಸಿದಂತಾಗುತ್ತದೆ.

ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ದಾಖಲೆ ಪುಸ್ತಕ. ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಅದರಲ್ಲಿ ಒಂದು ಕ್ರಮಸಂಖ್ಯೆ ಬೀಳುತ್ತದೆ. ಪುಸ್ತಕ ಕಳೆದರೂ ಹರಿದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಮೊದಲ ಸಂಪುಟದಲ್ಲಿ ಎರಡು ರೂಪಾಯಿಯ, ಮೂರು ರೂಪಾಯಿಯ ಪುಸ್ತಕಗಳಿವೆ. ಕೆಲವು ವರ್ಷ ಪುಟಗಟ್ಟಲೆ ಖರೀದಿ, ಕೆಲವು ವರ್ಷ ನಾಲ್ಕೇ ಸಾಲು. ಷರಾ ಎಂಬ ಕಡೆಯ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ "ಗೆದ್ದಲು", "ಮಳೆನೀರು", "ಕಳೆದಿದೆ, ಬೆಲೆ ಪಾವತಿ". ಇನ್ನು ಪುಸ್ತಕದ ಹಿಂದಿನ ದಿನಾಂಕದ ಚೀಟಿಯೂ ಒಂದು ಶಾಸನವೇ. ಒಂದು ಕಾದಂಬರಿಯ ಚೀಟಿಯಲ್ಲಿ ಹದಿನೆಂಟು ವರ್ಷಗಳ ಕಾಲ ಒಂದೇ ಒಂದು ಮೊಹರಿಲ್ಲ. ಆಮೇಲೆ ಒಂದೇ ವರ್ಷದಲ್ಲಿ ಏಳು. ಆ ವರ್ಷ ಅದು ಪಠ್ಯವಾಗಿತ್ತೋ, ಅಥವಾ ಒಬ್ಬ ಅಧ್ಯಾಪಕರು ತರಗತಿಯಲ್ಲಿ ಚೆನ್ನಾಗಿ ಮಾತಾಡಿದ್ದರೋ? ಪುಟಗಳ ನಡುವೆ ಬಸ್ ಟಿಕೆಟು, ಒಣಗಿದ ಸಂಪಿಗೆ, ನವಿಲುಗರಿ ದೊರೆಯುವುದುಂಟು. ಒಮ್ಮೆ ಒಂದು ಪತ್ರವೂ ದೊರೆಯಿತು. ಅದನ್ನು ಓದದೆ ಅಲ್ಲಿಯೇ ಇಟ್ಟೆನೆಂದರೆ ಯಾರೂ ನಂಬಲಿಕ್ಕಿಲ್ಲ.

ಗ್ರಂಥಪಾಲಕರ ಈ ಪಟ್ಟಿ ಮಾಡುವ ಕೆಲಸದಿಂದ ದೇಶದ ಇತಿಹಾಸವೇ ಬದಲಾದದ್ದೂ ಉಂಟು. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಕೊಟ್ಟಿದ್ದ, ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟು ಅವರ ಕೈಗೆ ಬಂದಿತು. ಬಿಚ್ಚಿ ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಅದುವರೆಗೆ ದಂಡಿ, ಬಾಣ ಮುಂತಾದವರ ಪ್ರಸ್ತಾಪಗಳಿಂದ ಮಾತ್ರ ತಿಳಿದಿದ್ದ, ನಷ್ಟವಾಯಿತೆಂದೇ ವಿದ್ವಾಂಸರು ಕೈಬಿಟ್ಟಿದ್ದ ಗ್ರಂಥ. ೧೯೦೫ರಿಂದ ಅವರು ಅದರ ಭಾಗಗಳನ್ನು ಪ್ರಕಟಿಸತೊಡಗಿದರು. ೧೯೦೯ರಲ್ಲಿ ಪೂರ್ಣ ಮೂಲ, ೧೯೧೫ರಲ್ಲಿ ಇಂಗ್ಲಿಷ್ ಅನುವಾದ. ಪ್ರಾಚೀನ ಭಾರತದವರು ಪರಲೋಕದ ಚಿಂತೆಯಲ್ಲಿಯೇ ಮುಳುಗಿದ್ದರು, ರಾಜ್ಯಾಡಳಿತವನ್ನು ಅರಿಯರು ಎಂಬ ಮಾತಿಗೆ ಅದರಷ್ಟು ಗಟ್ಟಿಯಾದ ಉತ್ತರ ಬೇರೊಂದಿಲ್ಲ. ಆ ಕಟ್ಟನ್ನು ಬಿಚ್ಚದೆ ಧೂಳು ಕೊಡವಿ ಮತ್ತೆ ಇಟ್ಟಿದ್ದರೆ? ಇಂಥ ಪ್ರಶ್ನೆಗೆ ಉತ್ತರವಿಲ್ಲ. ಆದರೆ ನಾನು ಧೂಳು ಕೊಡವುವಾಗಲೆಲ್ಲ ನೆನಪಾಗುತ್ತದೆ.

ನನಗೆ ಅರ್ಥಶಾಸ್ತ್ರವೇನೂ ಸಿಗಲಿಲ್ಲ. ಸಿಕ್ಕಿದ್ದು ಬೇರೊಂದು. ನಾನು ತಪ್ಪಾಗಿಟ್ಟ ಪುಸ್ತಕವನ್ನು ೯೫೪.೮೭ರಲ್ಲಿ ಹುಡುಕುತ್ತಿದ್ದೆನಲ್ಲ, ಆಗ ಕೆಳಗಿನ ಹಲಗೆಯಲ್ಲಿ ರಟ್ಟು ಕಳಚಿ, ಹುರಿಯಿಂದ ಕಟ್ಟಿದ್ದ ಒಂದು ಭಾರಿ ಸಂಪುಟ ಕೈಗೆ ತಗುಲಿತು. "ಎಪಿಗ್ರಾಫಿಯಾ ಕರ್ನಾಟಿಕಾ", ಎಂಟನೆಯ ಸಂಪುಟ, ೧೯೦೪. ದಾಖಲೆ ಪುಸ್ತಕದಲ್ಲಿ ಅದರ ಬೆಲೆಯ ಅಂಕಣದಲ್ಲಿ "ದಾನ" ಎಂದಿದೆ. ಇದನ್ನು ಸಂಪಾದಿಸಿದವರು ಬಿ. ಎಲ್. ರೈಸ್. ಅವರು ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಇಂಗ್ಲಿಷರು. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಕಲ್ಲಿನ ಮೇಲಿನ ಬರಹಗಳ ಗೀಳು ಹತ್ತಿತು. ೧೮೮೬ರಲ್ಲಿ ಕೊಡಗಿನಿಂದ ಆರಂಭಿಸಿ ೧೯೦೫ರವರೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳನ್ನು ಅಚ್ಚು ಹಾಕಿಸಿದರು. ರಾಜರ ಕ್ರಮದಲ್ಲಿ ಅಲ್ಲ. ಜಿಲ್ಲೆ, ಜಿಲ್ಲೆಯಲ್ಲಿ ತಾಲ್ಲೂಕು, ತಾಲ್ಲೂಕಿನಲ್ಲಿ ಊರು. ಈ ಜೋಡಣೆಗೆ ನಾನು ಎಷ್ಟು ಕೃತಜ್ಞಳೆಂದು ಹೇಳಲಾರೆ. ರಾಜವಂಶಗಳಿಗೆ ತಕ್ಕಂತೆ ಜೋಡಿಸಿದ್ದರೆ ನಾನು ತೆರೆದು ಮುಚ್ಚುತ್ತಿದ್ದೆ. ಆ ಸಂಪುಟದಲ್ಲಿರುವುದು ಶಿವಮೊಗ್ಗ ಜಿಲ್ಲೆಯ ಎರಡನೆಯ ಭಾಗ: ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಸೊರಬ ನಮ್ಮ ತಾಲ್ಲೂಕು. ಪುಟ ತಿರುವುತ್ತಾ ಹೋದೆ. ನಮ್ಮೂರ ಹೆಸರು ಇತ್ತು.

ಹುರಿಯನ್ನು ಮತ್ತೆ ಕಟ್ಟಲು ನನ್ನ ಕೈ ಬರಲಿಲ್ಲ. ನಮ್ಮಂಥ ಮನೆಗಳವರ ಊರು, ನಾಲ್ಕು ಕೇರಿಯ ಊರು, ನೂರು ವರ್ಷಕ್ಕೂ ಹಿಂದಿನ ಪುಸ್ತಕದಲ್ಲಿ ಅಚ್ಚಾಗಿರಬಹುದೆಂಬುದು ನನಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ. ನಮ್ಮೂರಿನಲ್ಲಿ ಮೂರು ಕಲ್ಲುಗಳೆಂದು ಅದರಲ್ಲಿದೆ. ಒಂದು ಗುಡಿಯ ಮುಂದಿನದು. ಇನ್ನೊಂದು ನಮ್ಮಜ್ಜಿ ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ ಕಲ್ಲು. ಅದು ದೇವರೆಂದೇ ನಾವು ತಿಳಿದಿದ್ದೆವು. ಪುಸ್ತಕದ ಪ್ರಕಾರ ಅದು ವೀರಗಲ್ಲು: ಊರ ದನಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ಹೋರಾಡಿ, ತುರುಗಳನ್ನು ಬಿಡಿಸಿ, ಸತ್ತವನದು. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. "ದನ ಕಾಯವನಿಗೆ ಕಲ್ಲು ನಿಲ್ಲಿಸಿದ್ರಾ?" ಎಂದು ಅವರು ಎರಡು ಸಲ ಕೇಳಿದರು. ಮೂರನೆಯ ಕಲ್ಲು ಎಲ್ಲಿದೆಯೆಂದು ನನಗೆ ತಿಳಿಯದು, ನಾನು ಕಂಡಿಲ್ಲ ಎಂದೆ. ಅವರು ತುಸು ಯೋಚಿಸಿ, ತಾವು ಹುಡುಗರಾಗಿದ್ದಾಗ ಕೆರೆಯ ತೂಬನ್ನು ದುರಸ್ತಿ ಮಾಡಿದವರು ದಾರಿಯ ಬದಿಯ ಒಂದು ಚಪ್ಪಡಿಯನ್ನು ಹೊತ್ತುಕೊಂಡು ಹೋಗಿ ಮಗುಚಿ ಹಾಸಿದ್ದರೆಂದೂ, ಅದರ ಮೇಲೆ ಕುದುರೆಯ ಚಿತ್ರವಿತ್ತೆಂದೂ ಹೇಳಿದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಕಳೆದ ಬೇಸಿಗೆಯಲ್ಲಿ ವರ್ಷದ ಪುಸ್ತಕ ತಪಾಸಣೆ ನಡೆಯಿತು. ಜಾಗವಿಲ್ಲ, ಹೊಸ ಪಠ್ಯಕ್ರಮದ ಪುಸ್ತಕಗಳು ನೆಲದ ಮೇಲೆ ಕಟ್ಟುಕಟ್ಟಾಗಿ ಕುಳಿತಿವೆ. ಆದ್ದರಿಂದ ಹರಿದವು, ಹಳತಾದವು, ಹಲವು ವರ್ಷಗಳಿಂದ ಯಾರೂ ಒಯ್ಯದಿರುವವು ಎಂದು ಆರಿಸಿ ರದ್ದತಿಯ ಪಟ್ಟಿ ಮಾಡಬೇಕು. ಸಮಿತಿ ಒಪ್ಪಿದರೆ ಅವನ್ನು ತೂಕಕ್ಕೆ ಮಾರುತ್ತಾರೆ. ಪಟ್ಟಿಯನ್ನು ಶುದ್ಧಪ್ರತಿ ಮಾಡುತ್ತಿದ್ದವಳು ನಾನೇ. ಮೂರನೆಯ ಹಾಳೆಯಲ್ಲಿ ಆ ಸಂಪುಟ ಬಂದಿತು: ಬೆನ್ನು ಮುರಿದಿದೆ, ಚೀಟಿಯಲ್ಲಿ ಒಂದೂ ಮೊಹರಿಲ್ಲ. ನಾನು ಓದುತ್ತಿದ್ದುದು ಅಲ್ಲಿಯೇ ಕುಳಿತು. ಮನೆಗೆ ಒಯ್ಯುವಂಥ ಗಾತ್ರವಲ್ಲ ಅದು. ಲೆಕ್ಕದ ದೃಷ್ಟಿಯಿಂದ ಅದನ್ನು ಯಾರೂ ಓದಿಯೇ ಇರಲಿಲ್ಲ.

ನಾನು ಲೇಖನಿ ಕೆಳಗಿಟ್ಟು ಗ್ರಂಥಪಾಲಕರ ಮುಂದೆ ಹೋಗಿ ನಿಂತೆ. ಅವರು ನ್ಯಾಯವಾದ ಮಾತನ್ನೇ ಆಡಿದರು. ಈ ಸಂಪುಟಗಳೆಲ್ಲ ಈಗ ಅಂತರ್ಜಾಲದಲ್ಲಿ ಪುಟಪುಟವಾಗಿ ದೊರೆಯುತ್ತವೆ. ಮೈಸೂರು ವಿಶ್ವವಿದ್ಯಾಲಯ ೧೯೭೨ರಿಂದ ಪರಿಷ್ಕೃತ ಆವೃತ್ತಿಯನ್ನೂ ಹೊರತಂದಿದೆ. ಇದೊಂದು ಪ್ರತಿ ಹೋದರೆ ಲೋಕಕ್ಕೆ ನಷ್ಟವಿಲ್ಲ. ನಿಜ. ನಾನೂ ಆಮೇಲೆ ಫೋನಿನಲ್ಲಿ ತೆರೆದು ನೋಡಿದ್ದೇನೆ, ಅದೇ ಪುಟ, ಅದೇ ಅಕ್ಷರ. ಆದರೆ ನಾನು ಹೇಳಿದೆ: "ಸಾರ್, ಅಲ್ಲಿ ಹುಡುಕಬೇಕಾದ್ರೆ ಹೆಸರು ಗೊತ್ತಿರಬೇಕು. ನನಗೆ ಈ ಹೆಸರು ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿತ್ತು ಅಂತ ಕಣ್ಣಿಗೆ ಬಿತ್ತು." ಬೆನ್ನಿನ ಮೇಲಿನ ಅಂಕಿಯ ಉಪಯೋಗ ಏನೆಂದು ಅಪ್ಪನಿಗೆ ನಾನು ಸರಿಯಾಗಿ ಹೇಳಲಾರದೆ ಹೋದದ್ದೂ ಇದನ್ನೇ. ಬೇಕಾದ ಪುಸ್ತಕದ ಹೆಸರನ್ನು ಬಲ್ಲವರಿಗೆ ಅದು ಅಷ್ಟಾಗಿ ಬೇಕಿಲ್ಲ, ಅವರು ಕೇಳಿ ಪಡೆಯಬಲ್ಲರು. ಏನನ್ನು ಕೇಳಬೇಕೆಂದೇ ತಿಳಿಯದೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕುಳಿತವರಿಗೆ ಅದು ಬೇಕು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓದಿದವರಿಲ್ಲ ಅಂತಲ್ಲವೇ ಆಕ್ಷೇಪಣೆ? ಮೊಹರು ತಾ" ಎಂದರು. ನನ್ನ ಹೆಸರಿನಲ್ಲಿ ಬರೆದುಕೊಂಡು, ಚೀಟಿಯ ಮೇಲೆ ದಿನಾಂಕ ಒತ್ತಿದರು. ಪಟ್ಟಿಯ ಮೂರನೆಯ ಹಾಳೆಯನ್ನು ನಾನು ಮತ್ತೆ ಬರೆದೆ. ಬೆನ್ನಿನ ದುರಸ್ತಿಗೆ ಹಣವಿರಲಿಲ್ಲವಾದ್ದರಿಂದ ಮೈದಾ ಹಿಟ್ಟನ್ನು ಕುದಿಸಿ, ಹುಳು ಬಾರದಂತೆ ಚಿಟಿಕೆ ಮೈಲುತುತ್ತ ಬೆರೆಸಿ ಅಂಟು ಮಾಡುವುದನ್ನು ಅವರೇ ಕಲಿಸಿದರು. ಕೋರಾ ಬಟ್ಟೆಯ ತುಂಡನ್ನು ನಾನು ಮನೆಯಿಂದ ತಂದೆ. ಹೊಲಿಗೆ ಸ್ವಲ್ಪ ಸೊಟ್ಟಗಾಗಿದೆ.

ಪುಸ್ತಕ ಈಗ ಮೂರನೆಯ ಕಪಾಟಿನ ಕೆಳಹಲಗೆಯಲ್ಲಿ ೯೫೪.೮೭ರಲ್ಲಿದೆ. ಚೀಟಿಯಲ್ಲಿ ಇನ್ನೂ ಒಂದೇ ಮೊಹರು. ಕೆರೆಯ ನೀರು ಫಾಲ್ಗುಣದ ಹೊತ್ತಿಗೆ ತೂಬಿನ ಕೆಳಕ್ಕೆ ಇಳಿಯುತ್ತದೆ. ನಾಲ್ಕು ಜನ ಸೇರಿದರೆ ಆ ಚಪ್ಪಡಿಯನ್ನು ಮಗುಚಿ ನೋಡಬಹುದೆಂದು ಅಪ್ಪ ಹೇಳಿದ್ದಾರೆ. ಪುಸ್ತಕದಲ್ಲಿರುವ ಪಾಠವನ್ನು ನಾನು ಕೈಯಲ್ಲಿ ಬರೆದು ಕೊಟ್ಟಿದ್ದೇನೆ. ಅವರು ಅದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರೆ.